ಬಸ್ತಾದ ದಿನ ಟೀವಿಯೊಳಗ ಬಂದ ಫೋಟೊ

ನಾ ಸುಳ್ಳು ಹೇಳೀನಿ, ವಿದ್ಯಾ. ನಿನ್ನ ಮದವಿ ಮುರಿದಿದ್ದು ನಿನ್ನ ಬೆನ್ನಿನ ಬಿಳಿ ಮಚ್ಚಿಯಿಂದ ಅಲ್ಲ — ನಿನ್ನ ಈ ವೈನಿಯ ನಾಲಿಗಿಯಿಂದ.

ನನ್ನ ಯಜಮಾನ್ರು, ನಿಮ್ಮ ಅಣ್ಣಾರು, ನಿನಗ ಹೊಸಾ ಫೋನ್ ತಂದಾಗ ಅದನ್ನ ಚಾಲೂ ಮಾಡಿಕೊಟ್ಟಾಕಿ ನಾನು. ನಂದೇ ಒಂದು ಅಕೌಂಟ್ ತೆಗೀರಿ ಅಂತ ನೀ ಕೇಳಿದ್ದಿ. ಅಂಗಡೀದು ಇದ್ದೇ ಅದ, ಇನ್ನೊಂದು ಯಾಕ ಬೇಕು, ಅಂದೆ ನಾ. ನಮ್ಮ ಮನ್ಯಾಗ ಒಂದೇ ಒಲಿ, ಒಂದೇ ಕಪಾಟು, ಮಾವಾರಿಂದ ಹಿಡಿದು ನನ್ನತನಕ ಎಲ್ಲಾರ ಫೋನಿಗೂ ಅಂಗಡಿ ಹೆಸರಿನ ಒಂದೇ ಅಕೌಂಟ್. ಯಾರು ಫೋಟೊ ತೆಗೆದ್ರೂ ಅದು ತಾನಾಗೇ ಅಲ್ಲಿ ಹೋಗಿ ಬೀಳ್ತದ ಅನ್ನೂದು ನನಗ ಗೊತ್ತಿತ್ತು. ನಿನಗ ಹೇಳಲಿಲ್ಲ. ನವಿ ಪೇಠದ ನಮ್ಮ ಅಂಗಡ್ಯಾಗ ಗಿರಾಕಿಗೆ ಹೊಸಾ ಸೀರಿ ತೋರ್ಸೂ ದೊಡ್ಡ ಟೀವಿನೂ ಅಲ್ಲಿಂದನೇ ಫೋಟೊ ತಗೋತಿತ್ತು — ಹಂಗ ಜೋಡಿಸಿ ಇಟ್ಟಾಕಿನೂ ನಾನೇ. ಶ್ಯಾಣ್ಯಾಕಿ ಅನ್ನಿಸಿಕೊಂಡಿದ್ದೆ, ನೋಡು.

ಅಕ್ಕಲಕೋಟದ ಬೀಗರು ಬಸ್ತಾಕ್ಕ, ಮದವಿ ಸೀರಿ-ಅರಿವಿ ಆರಿಸಾಕ, ಬಂದ್ರು. ಮದವಿ ಜವಳಿ ನಮ್ಮ ಅಂಗಡ್ಯಾಗೇ ಆಗಬೇಕು ಅಂತ ಮಾವಾರ ಹಟ. ಎರಡೂ ಕಡಿಯವರು ಗಾದಿ ಮ್ಯಾಲ ಕೂತು, ಮೊದಲನೇ ಸೀರಿಗೆ ಅರಿಶಿಣ-ಕುಂಕುಮ ಹಚ್ಚಿ — ಅಷ್ಟರಾಗ ಟೀವಿಯೊಳಗ ಪೈಠಣಿ ಸೀರಿ ಹೋಗಿ ನಿನ್ನ ಬರೇ ಬೆನ್ನು ಬಂತು. ಚರ್ಮದ ಡಾಕ್ಟರಿಗೆ ಕಳಸಾಕ ನೀ ತೆಗೆದಿದ್ದ ಫೋಟೊ. ಗ್ವಾಡಿ ಅಗಲದ ಬಿಳಿ ಮಚ್ಚಿ. ನೀ ಸೆರಗು ಎಳಕೊಂಡು ಮೈಮ್ಯಾಲಿನ ಬೆನ್ನು ಮುಚ್ಚಿಕೊಂಡಿ... ಟೀವಿ ಬಂದ್ ಮಾಡೂದು ಯಾರಿಗೂ ಹೊಳೀಲೇ ಇಲ್ಲ.

ಮದವಿ ಹುಡುಗ ಮಹೇಶ ಎದ್ದು ನಿಂತ. ತನ್ನ ತಾಯಿ ಕಡೆ ನೋಡಿ, "ನನಗ ಗೊತ್ತದ. ವಿದ್ಯಾ ಮೊದಲೇ ಹೇಳ್ಯಾಳ" ಅಂದ. ಎಂಥಾ ಹುಡುಗ! ಆತನ ತಾಯಿ ಹೂಂ ಅನ್ನಲಿಲ್ಲ, ಒಲ್ಲೆನೂ ಅನ್ನಲಿಲ್ಲ. ಇನ್ನೂ ಏನೂ ಮುರಿದಿದ್ದಿಲ್ಲ. ಆಗ ಮಾವಾರು ನನ್ನ ಕಡೆ ತಿರುಗಿ ಇದು ಹ್ಯಾಂಗ ಬಂತು ಅಂತ ಕೇಳಿದ್ರು. ನನ್ನಿಂದ ಅಂದಿದ್ರ ಬೈತಿದ್ರು, ಅಷ್ಟೇ. ಬೀಗರ ಮುಂದ ಬೈಸಿಕೊಳ್ಳೂದು — ಬರೇ ಅಷ್ಟಕ್ಕ ನಾ ಅಂಜಿದೆ.

"ಆಕಿನೇ ಹಾಕ್ಯಾಳ್ರಿ. ಆಕಿಗೆ ಈ ಮದವಿ ಬ್ಯಾಡಾಗ್ಯದ."

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಮಹೇಶ ನಿನ್ನನ್ನೇ ನೋಡ್ಕೋತ ನಿಂತ, ನೀ ಒಂದು ಮಾತು ಅಂತೀ ಏನೋ ಅಂತ. ನೀ ನನ್ನ ಮಾರಿ ನೋಡಾಕತ್ತಿದ್ದಿ. ಬಾಯಿ ಬಿಡಲಿಲ್ಲ. ಅದನ್ನೇ ಹೌದು ಅಂತ ತಿಳಕೊಂಡು ಆತ ಚಪ್ಪಲಿ ಮೆಟ್ಟಿದ. ಆತನ ಹಿಂದ ಎಲ್ಲಾರೂ ಎದ್ದು ಹೋದ್ರು.

ನೀ ನನ್ನ ಜೋಡಿ ಜಗಳಾ ಆಡಿದ್ರ ತಡಕೋತಿದ್ದೆ, ಖರೇ ಹೇಳ್ತೀನಿ. ಹೋದ ಪಂಚಮಿಗೆ ಇಬ್ಬರೂ ಉಂಡಿ ಕಟ್ಟಾಕತ್ತಿದ್ವಿ. ನೀ ತಲಿ ಎತ್ತದೇ ಅಂದಿ, "ನನ್ನ ಕೈನೇ ತಪ್ಪಿ ಎಲ್ಲೋ ಒತ್ತಿರಬೇಕ್ರಿ ವೈನಿ. ನೀವು ಹಂಗ ತಿಳಕೊಂಡಿದ್ದು ನಿಮ್ಮ ತಪ್ಪಲ್ಲ."

ಇಷ್ಟು ವರ್ಷ ನಿನ್ನ ನೀನೇ ಬೈಕೋತ ಕೂತಿದ್ಯಾ? ಆಗಲೂ ನಾ ಖರೇ ಹೇಳದೇ ಎಳ್ಳು ಕಲಸ್ಕೋತ ಕೂತೆ. ಇಂಥಾಕಿ ನಿನ್ನ ವೈನಿ.

ಇವತ್ತು ಮುಂಜಾನಿ ಮಾವಾರಿಗೂ ನಿಮ್ಮ ಅಣ್ಣಾರಿಗೂ ಎಲ್ಲಾ ಹೇಳೀನಿ. ಮಾವಾರು ಊಟಾ ಬಿಟ್ಟು ಎದ್ರು. ಅಕ್ಕಲಕೋಟಕ್ಕೂ ಹೋಗಿ ಹೇಳಬೇಕು ಅಂತ ಹೊಸ್ತಿಲತನಕ ಬಂದಿದ್ದೆ — ಆದ್ರ ಈಗ ಆ ಮನ್ಯಾಗ ಮಹೇಶನ ಹೆಂಡ್ತಿ ಇದ್ದಾಳ, ಕೂಸು ಅದ. ನನ್ನ ಎದಿ ಹಗುರ ಮಾಡಿಕೊಳ್ಳಾಕ ಇನ್ನೊಬ್ಬಾಕಿ ಸಂಸಾರದಾಗ ಕೈ ಹಾಕಲೇನು? ಹೊಳ್ಳಿ ಒಳಗ ಬಂದೆ.

ನೀ ಒಲ್ಲೆ ಅಂದಿ ಅಂತ ಆತ ಇನ್ನೂ ತಿಳಕೊಂಡಾನ, ವಿದ್ಯಾ. ಹಂಗೇ ತಿಳಕೊಂಡು ಇರ್ತಾನ.