ಗಾಳಿಯಿಲ್ಲದ ದಿನದ ಕಪ್ತಾನ

ನನ್ನ ಆ ಗೆಳೆಯನಿಗೆ ಸಮುದ್ರ ಗೊತ್ತಿರಲಿಲ್ಲ. ಸಮುದ್ರದ ಬಗ್ಗೆ ಮಾತಾಡುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ದುಬೈಯಲ್ಲಿ ಏರ್‌ಕಂಡೀಷನರ್ ಮಾರಿಕೊಂಡಿದ್ದವನು ತೊಂಬತ್ತರ ದಶಕದ ಕೊನೆಗೆ ಕಾಪುವಿಗೆ ಮರಳಿ, ಗೋವಾದಿಂದ ಒಂದು ಹಳೆಯ ಹಾಯಿದೋಣಿ ತರಿಸಿದ. ಜೊತೆಗೆ ಲಂಗರಿನ ಚಿತ್ರವಿದ್ದ ಬಿಳಿ ಟೋಪಿ. ಅಂದಿನಿಂದ ನಾವು ಅವನನ್ನು ಕಪ್ತಾನ ಎಂದು ಕರೆಯಬೇಕಿತ್ತು. ಕರೆದೆವು ಕೂಡ. ಆಗಿನ ನನ್ನನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ.

ಒಂದು ಜನವರಿಯ ಭಾನುವಾರ ಅವನು, ನಾನು, ಕಾರ್ಕಳದ ಇನ್ನೊಬ್ಬ ಗೆಳೆಯ ಮಲ್ಪೆಯಿಂದ ಹೊರಟೆವು. ಕಾರ್ಕಳದವನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ, ಈಜು ಬಾರದವ, ಯಾರು ಕರೆದರೂ ಇಲ್ಲ ಎನ್ನಲಾಗದವ. ದ್ವೀಪದಿಂದ ದ್ವೀಪಕ್ಕೆ ನಿಧಾನವಾಗಿ ತೇಲುತ್ತ ಸಂಜೆಗೆ ಮರಳುವುದು ಎಂದು ಮಾತಾಗಿತ್ತು. ದೋಣಿಗೆ ಇಂಜಿನ್ ಇಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ ಕಪ್ತಾನ, "ಇಂಜಿನ್ ಬೇಕಾದವರು ಬಸ್ಸಿನಲ್ಲಿ ಹೋಗಲಿ ಮಾರಾಯ" ಎಂದ.

ಬೆಳಗಿನ ಗಾಳಿ ನಮ್ಮನ್ನು ದ್ವೀಪಕ್ಕೆ ಮುಟ್ಟಿಸಿತು. ಅದೂ ತನ್ನದೇ ಸಾಧನೆ ಎಂಬಂತೆ ಅವನು ಸೊಂಟದ ಮೇಲೆ ಕೈಯಿಟ್ಟು ನಿಂತ. ತೆಂಗಿನ ಮರಗಳಿದ್ದ ಆ ದ್ವೀಪದಲ್ಲಿ ಪ್ರವಾಸಿಗಳ ಗದ್ದಲವಿದ್ದುದರಿಂದ ಆಚೆಯ ಬೋಳು ಬಂಡೆಗಳ ದ್ವೀಪಕ್ಕೆ ಹೋದೆವು. ಅಲ್ಲಿ ಕಪ್ತಾನನ ಫೋಟೋ ತೆಗೆಯಲು ಹಿಂದೆ ಹಿಂದೆ ಸರಿಯುತ್ತ ಹೋದ ಕಾರ್ಕಳದವನು ಜಾರಿದ. ಬಂಡೆಗೆ ಅಂಟಿದ್ದ ಚಿಪ್ಪು ಅವನ ಅಂಗಾಲನ್ನು ಉದ್ದಕ್ಕೆ ಸೀಳಿತು. ರಕ್ತ ನಿಲ್ಲಲಿಲ್ಲ.

ನಾನು ಅವನನ್ನು ಹೊತ್ತುಕೊಂಡು ದೋಣಿಯ ಹತ್ತಿರ ಬಂದರೆ ಕಪ್ತಾನ ಕೈ ಅಡ್ಡ ಹಿಡಿದ. "ಸ್ವಲ್ಪ ನಿಲ್ಲು. ಕುಶನ್ ಹೊಸತು ಉಂಟು. ಪ್ಲಾಸ್ಟಿಕ್ ಹಾಸ್ತೇನೆ."

ಹಾಸಿದ. ಮೂಲೆಗಳನ್ನು ಎಳೆದು ಸರಿಮಾಡುವ ತನಕ ಗಾಯಾಳು ನನ್ನ ಬೆನ್ನ ಮೇಲೆಯೇ ನರಳುತ್ತಿದ್ದ.

ಮಧ್ಯಾಹ್ನ ದಡದ ಕಡೆಗೆ ಬೀಸಬೇಕಾಗಿದ್ದ ಗಾಳಿ ಬರಲಿಲ್ಲ. ಹಾಯಿ ಒಗೆದು ಒಣಹಾಕಿದ ಬಟ್ಟೆಯ ಹಾಗೆ ಜೋತುಬಿತ್ತು. ಕಾರ್ಕಳದವನ ತುಟಿ ಬಿಳಿಚಿತ್ತು. ನನ್ನ ಬನಿಯನ್ ಕಟ್ಟಿದ್ದರೂ ರಕ್ತ ಒಸರುತ್ತಲೇ ಇತ್ತು. ಅಷ್ಟರಲ್ಲಿ ದೂರದಲ್ಲಿ ಮೀನಿನ ಬೋಟೊಂದು ಕಂಡಿತು. ನಾನು ಎದ್ದು ಅಂಗಿ ಬೀಸತೊಡಗಿದೆ.

"ಕುಳಿತುಕೋ! ಎಂತ ಮರ್ಯಾದೆ ತೆಗೀತೀಯ? ಈಗ ಗಾಳಿ ಬರ್ತದೆ" ಎಂದು ಕಪ್ತಾನ ನನ್ನ ಕೈ ಹಿಡಿದೆಳೆದ.

ಹದಿನೈದು ವರ್ಷದ ಸ್ನೇಹದಲ್ಲಿ ಅವನನ್ನು ನಾನು ತಳ್ಳಿದ್ದು ಅದೊಂದೇ ಸಲ. ಅವನು ಪ್ಲಾಸ್ಟಿಕ್ಕಿನ ಮೇಲೆ ಕುಕ್ಕರಿಸಿ ಬಿದ್ದ. ನಾನು ಮತ್ತೆ ಬೀಸಿದೆ.

ಬೋಟು ಪಕ್ಕಕ್ಕೆ ಬಂತು. ಟೋಪಿ ನೋಡಿ ನಮ್ಮನ್ನು ಪರವೂರಿನವರೆಂದುಕೊಂಡ ಹಿರಿಯ ಮೀನುಗಾರರೊಬ್ಬರು ತುಳು ಬಿಟ್ಟು ಕನ್ನಡದಲ್ಲೇ ಕೇಳಿದರು: "ಇಂಜಿನ್ ಇಲ್ವಾ? ಹುಟ್ಟೂ ಇಲ್ವಾ? ಮತ್ತೆ ಎಂತ ಉಂಟು ನಿಮ್ಮಲ್ಲಿ?"

ಕಪ್ತಾನ ಟೋಪಿ ಸರಿಮಾಡಿಕೊಂಡ. ಅವರು ಗಾಯಾಳುವನ್ನು ಎತ್ತಿ ತಮ್ಮ ಬೋಟಿನ ಬಲೆರಾಶಿಯ ಮೇಲೆ ಮಲಗಿಸಿ, ಕಾಲನ್ನು ಎತ್ತರಕ್ಕಿಟ್ಟು ಬಿಗಿಯಾಗಿ ಕಟ್ಟಿದರು. ನಾನೂ ಅಲ್ಲಿಗೇ ಹಾರಿದೆ. ಹಾಯಿದೋಣಿಯನ್ನು ಹಗ್ಗದಲ್ಲಿ ಹಿಂದೆ ಕಟ್ಟಿದರು. ಬಂದರಿನ ತನಕವೂ ಕಪ್ತಾನ ಚುಕ್ಕಾಣಿ ಹಿಡಿದು, ದಿಗಂತ ನೋಡುತ್ತ, ತಾನೇ ನಡೆಸುತ್ತಿರುವವನಂತೆ ಕುಳಿತಿದ್ದ.

ಮಣಿಪಾಲದ ಆಸ್ಪತ್ರೆಯಲ್ಲಿ ಹನ್ನೊಂದು ಹೊಲಿಗೆ ಬಿದ್ದವು. ಸಂಜೆ ಸ್ನಾನ ಮಾಡಿ ಸೆಂಟು ಪೂಸಿಕೊಂಡು ಬಂದ ಕಪ್ತಾನ, "ನಾನು ಸಮಯಕ್ಕೆ ದಡ ಮುಟ್ಟಿಸಿದ್ದಕ್ಕೆ ಉಳಿದ" ಎಂದು ನರ್ಸಿಗೆ ಹೇಳುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಕಾರ್ಕಳದವನು ಮಂಚದಿಂದ, "ಹೌದು, ಕಪ್ತಾನ" ಎಂದ.

ಅವತ್ತಿನಿಂದ ಇಬ್ಬರ ಮನೆಗೂ ಹೋಗುವುದನ್ನು ನಿಲ್ಲಿಸಿದೆ. ಮಳೆಗಾಲ ಕಳೆದ ಮೇಲೆ ದೋಣಿ ಮಾರಿ ಅವನೊಂದು ಕುದುರೆ ಕೊಂಡನಂತೆ. ಪಾಪ, ಆ ಪ್ರಾಣಿ.