ದೋಬ್ರಿಯ ಬಾಲ್ಕನಿ ಸಮುದ್ರ

ಒಣಗಿದ ಪ್ಯಾಂಟನ್ನು ತಂತಿಯಿಂದ ತೆಗೆದು ಬಾಲ್ಕನಿಯ ನೆಲಕ್ಕೆ ಬಿಟ್ಟರೆ ಅದು ಬೀಳಲೇ ಇಲ್ಲ, ನೆಟ್ಟಗೆ ನಿಂತುಕೊಂಡಿತು. ಒಳಗೆ ನಾನಿದ್ದಾಗಲೂ ಅದು ಅಷ್ಟು ಗಂಭೀರವಾಗಿ ನಿಂತದ್ದಿಲ್ಲ. ಮುಟ್ಟಿದರೆ ಮೈತುಂಬ ಬಿಳಿ ಪುಡಿ, ನಾಲಿಗೆಗಿಟ್ಟರೆ ಉಪ್ಪು. ತಲೆಯೆತ್ತಿದೆ. ಮೇಲಿನ ಮನೆಯ ದೋಬ್ರಿಯ ಬೋಳುತಲೆ ಇಣುಕುತ್ತಿತ್ತು.

"ಪೀಪಾಯಿಯ ನಲ್ಲಿ ಮುಚ್ಚೋದು ಮರೆತೆ ಕಣಯ್ಯ. ಸಮುದ್ರಸ್ನಾನ ಆಯ್ತು ಅಂದ್ಕೋ. ಪ್ಲೇವೆನ್‌ನಲ್ಲಿ ಇನ್ಯಾವ ಪ್ಯಾಂಟಿಗಿದೆ ಆ ಭಾಗ್ಯ?"

ನಮ್ಮೂರು ಪ್ಲೇವೆನ್‌ಗೂ ಸಮುದ್ರಕ್ಕೂ ರೈಲಿನಲ್ಲಿ ಅರ್ಧ ದಿನದ ದಾರಿ. ಹಾಗಿದ್ದೂ ಎರಡನೇ ಮಹಡಿಯ ಬಾಲ್ಕನಿಗೆ ಸಮುದ್ರ ಬಂದ ಕಥೆ ಇದು.

ದೋಬ್ರಿ ಮೂವತ್ತು ವರ್ಷ ಟ್ರಾಲಿಬಸ್ಸು ಓಡಿಸಿ, ಬ್ರೇಕು ಒತ್ತಿ ಒತ್ತಿ ಮಂಡಿ ಸವೆಸಿಕೊಂಡು ನಿವೃತ್ತನಾದವನು. ಟ್ರಾಲಿಬಸ್ಸು ತಲೆಯ ಮೇಲಿನ ತಂತಿ ಬಿಟ್ಟು ಆಚೀಚೆ ಹೋಗಲಾರದು. ದೋಬ್ರಿಯೂ ಅಷ್ಟೇ, ಅಮ್ಮ ತೋರಿಸಿದ ದಾರಿ ಬಿಟ್ಟವನಲ್ಲ. ಅವನ ಹೆಮ್ಮೆಯೆಲ್ಲ ಒಂದು ನೀಲಿ ಪೀಪಾಯಿಯಲ್ಲಿತ್ತು. ನವೆಂಬರ್ ಬಂತೆಂದರೆ ಇಲ್ಲಿ ಪ್ರತಿ ಬಾಲ್ಕನಿಯಲ್ಲೂ ಎಲೆಕೋಸು ಉಪ್ಪುನೀರಿಗೆ ಇಳಿಯುತ್ತದೆ. ಆದರೆ ದೋಬ್ರಿಯ ಕೋಸಿನಂತೆ ಕರುಂ ಎನ್ನುವ ಕೋಸು ಇನ್ನೊಬ್ಬರದಿಲ್ಲ. ಹಿಂದಿನ ದಿನ ರಕಿಯಾ ಸಾರಾಯಿ ಹೆಚ್ಚಾದವರು ಬೆಳಿಗ್ಗೆ ತಲೆ ಹಿಡಿದುಕೊಂಡು, ಲೋಟವನ್ನೂ ಹಿಡಿದುಕೊಂಡು, ಅವನ ಕೋಸಿನ ನೀರಿಗಾಗಿ ಬಾಗಿಲು ಬಡಿಯುತ್ತಿದ್ದರು.

ಆಮೇಲೆ ಎಂಟನೇ ಮಹಡಿಗೆ ಗೆನಾದಿ ಬಂದ. ಹಲ್ಲಿನ ಸೆಟ್ಟು ಮಾಡುವ ಕೆಲಸ, ನಲವತ್ತರ ಒಳಗಿನ ವಯಸ್ಸು, ಒಂಟಿ, ತಲೆತುಂಬ ಕೂದಲು. ದೋಬ್ರಿಯ ಕಣ್ಣಿಗೆ ಮೊದಲು ಬಿದ್ದದ್ದು ಕೂದಲು. ಇಡೀ ಕಟ್ಟಡದ ಕಣ್ಣಿಗೆ ಬಿದ್ದದ್ದು ಅವನ ಮನೆಯ ಗೋಡೆಯುದ್ದದ ಗಾಜಿನ ತೊಟ್ಟಿ, ಅದರೊಳಗಿನ ಹವಳ, ಕಿತ್ತಳೆ ಬಣ್ಣದ ಮೀನು. ತೊಟ್ಟಿಗೆ ಬೇಕಾದ ಸಮುದ್ರವನ್ನೂ ಅವನು ಮನೆಯಲ್ಲೇ ತಯಾರಿಸುತ್ತಿದ್ದ: ಒಂದು ಪೀಪಾಯಿಯಲ್ಲಿ ಸೋಸಿದ ನೀರು, ಇನ್ನೊಂದರಲ್ಲಿ ಉಪ್ಪು ಕದಡುವ ಪಂಪು, ಎರಡರ ನಡುವೆ ಕೊಳವೆ. ದೋಬ್ರಿಯ ಹೆಂಡತಿ ರಾದ್ಕಾ ಒಂದು ಸಂಜೆ ಹೋಗಿ ನೋಡಿಬಂದಳು. ಮರುದಿನವೂ ಹೋದಳು. ಬರಬರುತ್ತಾ ದಿನಾ ಸಂಜೆ ಕಾಫಿ ಕಪ್ಪು ಹಿಡಿದು ಮೆಟ್ಟಿಲು ಹತ್ತತೊಡಗಿದಳು.

ಒಂದು ಗಂಟೆ ಕೂತು ನೋಡುವಂಥದ್ದು ಮೀನು ಏನು ಮಾಡುತ್ತದೆ ಎಂದು ದೋಬ್ರಿ ಕೇಳಿದನಂತೆ.

"ಏನೂ ಮಾಡಲ್ಲ. ಮಾತೂ ಆಡಲ್ಲ," ಎಂದಳಂತೆ ರಾದ್ಕಾ. "ಅದೇ ಚಂದ."

ಹೊಟ್ಟೆಕಿಚ್ಚು ನೀರೆರೆದರೆ ಆರುವ ಕಿಚ್ಚಲ್ಲ. ಉಪ್ಪುನೀರೆರೆದರಂತೂ ಕೇಳುವುದೇ ಬೇಡ. ತನ್ನ ಮನೆಯಲ್ಲೂ ತೊಟ್ಟಿ ಬರಲಿ, ರಾದ್ಕಾಳ ಸಂಜೆಗಳು ಎರಡನೇ ಮಹಡಿಗೆ ಇಳಿದು ಬರಲಿ ಎಂದು ದೋಬ್ರಿ ಮೀನಮೇಷ ಎಣಿಸದೆ ಮೀನಿಗೆ ಕೈಹಾಕಿದ. ಈ ವರ್ಷ ಕೋಸು ಇಲ್ಲವೆಂದು ಸಾರಿದ. ಕಟ್ಟಡದಲ್ಲಿ ಸೂತಕದ ಕಳೆ ಬಂತು.

ಗೆನಾದಿಯನ್ನು ಒಂದು ಮಾತು ಕೇಳಬಾರದೇ ಎಂದೆ.

"ಉಪ್ಪುನೀರು ಹೆಂಗೆ ಮಾಡೋದು ಅಂತ ನನಗೆ ಅವನು ಹೇಳಿಕೊಡಬೇಕಾ?" ಎಂದ. ಒಪ್ಪಬೇಕಾದ ಮಾತೇ ಅನ್ನಿಸಿತು.

ಮೂರು ದಿನ ಸೋಡಾ ಹಾಕಿ ಉಜ್ಜಿದರೂ ಪೀಪಾಯಿಯ ಕೋಸಿನ ವಾಸನೆ ಹೋಗಲಿಲ್ಲ. ಹಳೆಯ ಬಟ್ಟೆ ಒಗೆಯುವ ಯಂತ್ರದ ಪಂಪು ಕಿತ್ತು ಅದಕ್ಕೆ ಜೋಡಿಸಿದ. ಬುಡಕ್ಕೆ ನಲ್ಲಿ, ನಲ್ಲಿಯಿಂದ ಕೋಣೆಯಲ್ಲಿ ಹೊಸದಾಗಿ ತಂದಿಟ್ಟ ಗಾಜಿನ ತೊಟ್ಟಿಗೆ ಕೊಳವೆ. ನೆಲಮಾಳಿಗೆಯಿಂದ ಕೋಸಿನ ಉಪ್ಪಿನ ಚೀಲಗಳನ್ನು ಹೊತ್ತು ತಂದವನು ನಾನು. ಮಂಡಿ ಅವನದು, ಸೊಂಟ ನನ್ನದು. ಚೀಲದ ಮೇಲೆ "ಸಮುದ್ರದ ಉಪ್ಪು" ಎಂದೇ ಬರೆದಿತ್ತು, ಇನ್ನೇನು ಬೇಕು? ಕೊನೆಗೆ ಹದ ನೋಡಲು ಅಮ್ಮ ಕಲಿಸಿದ ಹಾಗೆ ಒಂದು ಹಸಿ ಮೊಟ್ಟೆ ಬಿಟ್ಟ. ಮೊಟ್ಟೆ ತೇಲಿ, ನಾಣ್ಯದಗಲ ನೆತ್ತಿ ತೋರಿಸಿತು. ದೋಬ್ರಿಯ ನೆತ್ತಿಯೂ ಹೊಳೆಯಿತು.

ಶನಿವಾರ ಎರಡು ಕಿತ್ತಳೆ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ಬಂದವು. ರಾದ್ಕಾ ಆ ಸಂಜೆ ಮೇಲೆ ಹೋಗಲಿಲ್ಲ. ತಲೆ ಬಾಚಿಕೊಂಡು, ಎರಡು ಕಪ್ಪು ಕಾಫಿ ಮಾಡಿ, ತೊಟ್ಟಿಯ ಮುಂದೆ ಎರಡು ಕುರ್ಚಿ ಹಾಕಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತೇನೋ. ಆದರೆ ತಾನು ಉರಿದಷ್ಟು ಗೆನಾದಿಯೂ ಉರಿಯಲಿ ಎಂದು ದೋಬ್ರಿ ಅವನಿಗೂ ಹೇಳಿಕಳಿಸಿದ್ದ. ಅವನು ಜೇಬಿನಲ್ಲಿ ಉಪ್ಪಳೆಯುವ ಪುಟ್ಟ ದುರ್ಬೀನು ಇಟ್ಟುಕೊಂಡೇ ಬಂದ. ನೀರಿನ ಒಂದು ಹನಿ ಹಾಕಿ ಕಣ್ಣಿಗೆ ಹಿಡಿದ. ಒರೆಸಿ ಮತ್ತೆ ಹಿಡಿದ. ಆಮೇಲೆ ಪೀಪಾಯಿಗೆ ಮೂಗು ಇಳಿಸಿದ.

"ಬಾಯ್ ದೋಬ್ರಿ," ಎಂದ. ಹಿರಿಯರನ್ನು ಇಲ್ಲಿ ಹಾಗೆಯೇ ಕರೆಯುವುದು. "ಇದನ್ನ ಹೆಂಗೆ ಅಳೆದ್ರಿ?"

"ಮೊಟ್ಟೆ ಬಿಟ್ಟು."

ಗೆನಾದಿ ನಗಲಿಲ್ಲ. ನಕ್ಕಿದ್ದರೆ ದೋಬ್ರಿಗೆ ಜಗಳಕ್ಕಾದರೂ ದಾರಿಯಾಗುತ್ತಿತ್ತು.

"ಸಮುದ್ರದಲ್ಲಿ ಮೊಟ್ಟೆ ಮುಳುಗುತ್ತೆ, ಬಾಯ್ ದೋಬ್ರಿ. ಇಲ್ಲಿ ಮೂರು ಸಮುದ್ರದ ಉಪ್ಪಿದೆ. ಉಪ್ಪೂ ಮೀನಿಗಲ್ಲ, ಕೋಸಿಗೆ ಹಾಕೋದು. ಬಿಟ್ಟರೆ ಇವು ಬೆಳಗಾಗೋದ್ರೊಳಗೆ ಉಪ್ಪಿನಕಾಯಿ."

ಮೀನು ಸದ್ಯಕ್ಕೆ ತನ್ನ ತೊಟ್ಟಿಯಲ್ಲಿರಲಿ ಎಂದು ಅವನು ಚೀಲ ಎತ್ತಿಕೊಂಡು ಹೊರಟ. ಅವು ಸರಿಯಾಗಿ ಸೇರಿಕೊಳ್ಳುತ್ತವೋ ಇಲ್ಲವೋ ಎಂಬ ಆತಂಕದಲ್ಲಿ ರಾದ್ಕಾ ಅವನ ಹಿಂದೆಯೇ ನಡೆದಳು, ಕೈಯಲ್ಲಿ ಎರಡೂ ಕಪ್ಪು. ಕುರ್ಚಿಗಳ ಮೇಲೆ ನಾನೂ ದೋಬ್ರಿಯೂ ಕೂತು ಖಾಲಿ ತೊಟ್ಟಿ ನೋಡಿದೆವು.

ಮರುದಿನ ಬೆಳಿಗ್ಗೆ ಗೆನಾದಿ ಮತ್ತೆ ಬಂದ. ಕಂಕುಳಲ್ಲಿ ಎರಡು ದಪ್ಪ ಎಲೆಕೋಸು. ತನ್ನ ಕೋಸು ವರ್ಷವರ್ಷವೂ ಅಂಬಲಿಯಾಗುತ್ತದೆ, ಆ ನೀರನ್ನು ದಯವಿಟ್ಟು ಚೆಲ್ಲಬೇಡಿ ಎಂದು ತಲೆ ತಗ್ಗಿಸಿ ಕೇಳಿದ. ಬಂದ ದಿನದಿಂದ ಕಟ್ಟಡವೆಲ್ಲ ದೋಬ್ರಿಯ ಕೋಸಿನ ಗುಣಗಾನ ಮಾಡುವುದನ್ನು ಕೇಳಿ ಕೇಳಿ ಅವನಿಗೂ ಒಳಗೊಳಗೇ ಉರಿದಿತ್ತಂತೆ. ದೋಬ್ರಿ ಬಹಳ ಹೊತ್ತು ಯೋಚಿಸುವವನಂತೆ ನಟಿಸಿ ಕೋಸು ಈಸಿಕೊಂಡ.

ಡಿಸೆಂಬರಿನಲ್ಲಿ ಅವನ ಬಾಲ್ಕನಿಯಲ್ಲಿ ಲೋಟ ಹಿಡಿದು ಕೂತಿದ್ದೆ. ಕೋಸು ಕರುಂ ಎನ್ನುತ್ತಿತ್ತು. ರಾದ್ಕಾ ಮೇಲಿದ್ದಳು, ಈಗ ಅಲ್ಲಿ ಅವಳ ಸ್ವಂತ ಮೀನೇ ಇದ್ದವಲ್ಲ.

"ನಿಜ ಹೇಳಿ, ಬಾಯ್ ದೋಬ್ರಿ," ಎಂದೆ. "ಇಷ್ಟೊಂದು ಹೊಟ್ಟೆ ಉರ್ಕೊಂಡ್ರಲ್ಲ, ಅವನ ತೊಟ್ಟೀಲಿ ಅಂಥದ್ದೇನು ಕಂಡ್ರಿ?"

ಅವನು ಮಂಡಿ ಉಜ್ಜಿಕೊಂಡ.

"ನಾನೆಲ್ಲಿ ಕಂಡೆ? ಲಿಫ್ಟು ಕೆಟ್ಟು ಎರಡು ವರ್ಷ ಆಯ್ತಲ್ಲ."