ನಾಟಕದ ಒಂದೇ ಮಾತು

ನಾಟಕದ ಬೋರ್ಡು ಕಂಡಿದ್ದೇ ತಡ, ಸುಬ್ರಹ್ಮಣ್ಯಕ್ಕೆ ಹೊರಟವನು ಸುಳ್ಯದಲ್ಲೇ ಇಳಿದುಬಿಟ್ಟೆ. ಮೌನ ಶಿಬಿರಕ್ಕೆ ಬಂದ ಅಪರಿಚಿತರ ಕಥೆ, ಯಾರಿಗೂ ಮಾತಿಲ್ಲ. ಅವರಲ್ಲೊಬ್ಬ, ತೀರಿಕೊಂಡ ತನ್ನ ಮಗಳ ಶಾಲೆಯ ಕೊಡೆಯನ್ನು ಕೈಯಿಂದ ಬಿಡುವುದೇ ಇಲ್ಲ. ಕೊನೆಗೆ ಅದನ್ನು ಚಾಪೆಯ ಮೇಲಿಟ್ಟು, ಬಾಗಿಲಲ್ಲಿ ನಿಂತು, ನಾಟಕದ ಒಂದೇ ಮಾತು ಹೇಳಿದ: "ಹೋಗ್ತೇನೆ."

ಸಾಯಲು ಹೊರಟಿದ್ದಾನೆಂದು ಎಲ್ಲರಿಗೂ ತಿಳಿಯಿತು. ನನ್ನ ಪಕ್ಕದ ಅಜ್ಜಿ ಎದ್ದು ನಿಂತರು.

"ಹಾಗೆ ಹೇಳುದಾ ಮಾರಾಯ? ಬರ್ತೇನೆ ಹೇಳು!"

"ಅಜ್ಜಿ, ಅದು ನಾಟಕ," ಮೊಮ್ಮಗಳು ಸೆರಗು ಎಳೆದಳು.

"ನಾಟಕ ಆದ್ರೆ ಎಂತ? ಹೇಳುದು ಬಾಯಲ್ಲೇ ಅಲ್ವಾ?"

ಯಾರೂ ನಗಲಿಲ್ಲ. ಅಜ್ಜಿ ಕೂರಲೂ ಇಲ್ಲ. ನಟ ತಿರುಗಿ ಬಂದು ಕೊಡೆ ಎತ್ತಿಕೊಂಡ.

"ಬರ್ತೇನೆ ಅಜ್ಜಿ."

"ಹಾಂ, ಹೋಗಿ ಬಾ," ಎಂದು ಅವರು ಕೂತರು.